ಕೆಂಪು ಬಾಣದ ಸ್ಟಿಕ್ಕರ್

ಜನವರಿ ಬಂತೆಂದರೆ ನಮ್ಮ ಪಾಸ್ಟರಿಗೆ ಏನಾದರೊಂದು ಹುರುಪು ಹತ್ತುತ್ತದೆ. ಈ ಸಲ, ಸಭೆಯ ಹಳಬರು ತಲಾ ಒಬ್ಬರು ಹೊಸಬರನ್ನು ವಿಶ್ವಾಸದಲ್ಲಿ ಬೆಳೆಸಬೇಕು ಎಂದು ಹಂಚಿಕೊಟ್ಟರು. ನನ್ನ ಪಾಲಿಗೆ ಬಂದವಳು ಗೋಕಿಲಾ. ನಮ್ಮ ಬೀದಿಯವಳೇ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ನೇಯ್ಗೆಯವರ ಪೈಕಿ. ಆರು ತಿಂಗಳಿಂದ ಯಾರೂ ಕರೆಯದೆ ತಾನಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. "ಇಲ್ಲಿ ಕೂತ್ರೆ ಮನ್ಸು ತಣ್ಣಗಾಗ್ತದೆ ಅಕ್ಕಾ" ಎನ್ನುತ್ತಿದ್ದಳು. ಅವಳನ್ನು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು ರಾಜಾಮಣಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಚೆಕಿಂಗ್ ಕೆಲಸ. ಬನಿಯನ್ನನ್ನು ಮೇಜಿನ ಮೇಲೆ ಹರಡಿ, ತೂತು, ಎಣ್ಣೆ ಕಲೆ, ಬಿಟ್ಟ ಹೊಲಿಗೆ ಕಂಡಲ್ಲೆಲ್ಲ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸು ಎಸೆಯುವುದು. ಮನುಷ್ಯರನ್ನೂ ಹಾಗೇ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ನನ್ನ ಗಂಡ ಬದುಕಿದ್ದಾಗ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು.

ಗೋಕಿಲಾಳ ತಮಿಳು ಬೈಬಲನ್ನು ಒಂದು ವಾರಕ್ಕೆ ಕೇಳಿ ತಂದೆ. ಕಂಪನಿಯಿಂದ ಒಂದು ಹಾಳೆ ಸ್ಟಿಕ್ಕರೂ ತಂದೆ. ಕದ್ದೆ ಎನ್ನಬೇಡಿ, ಕರ್ತನ ಕೆಲಸಕ್ಕೆ. ಅವಳ ಒಂದೊಂದು ತಪ್ಪಿಗೂ ತಕ್ಕ ವಚನ ಹುಡುಕಿ ಅದರ ಪಕ್ಕ ಅಂಟಿಸಿದೆ. ಗೋಕಿಲಾ ಚಾಡಿ ಹೇಳುತ್ತಾಳೆ, ನಾಲಿಗೆಯ ವಚನಕ್ಕೆ ಒಂದು ಬಾಣ. ಹಗಲೆಲ್ಲ ಸೀರಿಯಲ್ ನೋಡುತ್ತಾಳೆ, ಸೋಮಾರಿತನಕ್ಕೆ ಎರಡು. ನಾದಿನಿಯ ಜೊತೆ ಮಾತು ಬಿಟ್ಟಿದ್ದಾಳೆ, ಕ್ಷಮೆಗೆ ಐದು. ಒಟ್ಟು ನಲವತ್ತೊಂದು. ಇಷ್ಟು ಶ್ರಮ ಅಪೊಸ್ತಲರೂ ಪಟ್ಟಿರಲಾರರು ಎಂದುಕೊಂಡು ಪುಸ್ತಕ ವಾಪಸು ಕೊಟ್ಟೆ.

ಅದಾದ ಮೇಲೆ ಮೂರು ಭಾನುವಾರ ಗೋಕಿಲಾ ಬರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ತಾನಾಗಿ ಬಂದವಳನ್ನು ಬೆಳೆಸಲು ಹೋಗಿ ಓಡಿಸಿದೆನೇ ಎಂದು ಅವಳ ಮನೆಗೆ ಹೋದೆ.

ಜಗಲಿಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಏಳಲಿಲ್ಲ.

"ಯಾಕೆ ಬರ್ಲಿಲ್ಲ?"

"ನೀ ಅಂಟ್ಸಿದ್ದೆಲ್ಲಾ ಓದ್ದೆ ಅಕ್ಕಾ. ಎಲ್ಲಾ ನನ್ ತಪ್ಪೇ." ರಾಟೆ ನಿಲ್ಲಿಸಿದಳು. "ಮುಂಚೆ, ಸಾಮಿ ನನ್ ನೋಡಿ ಸಂತೋಸ ಪಡ್ತಾನೆ ಅಂದ್ಕೊಂಡಿದ್ದೆ. ಈಗ ಅಲ್ಲಿ ಕೂತ್ರೆ ಸಾಮೀನೂ ನಿನ್ನಂಗೇ ನೋಡ್ತಾನೇನೋ ಅನ್ಸ್ತದೆ."

ದೇವರಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ಯಾರೂ ಮಾಡಿರಲಿಕ್ಕಿಲ್ಲ, ಮಾಡಿಸಿದವಳು ನಾನು.

"ನನ್ದೇ ತಪ್ಪಾಯ್ತು. ಅದ್ನೆಲ್ಲಾ ಕಿತ್ತಾಕು. ಭಾನ್ವಾರ ಬಾ."

"ಬರ್ತೀನಿ. ಮೊದ್ಲು ನೀನೂ ನಿಂದೊಂದು ತಪ್ಪು ಹೇಳು."

ಒಂದು ಸಣ್ಣದನ್ನು ಹುಡುಕಿದೆ. ಕಾಪಿಗೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತೇನೆ ಎಂದೆ. ಅವಳು ಮತ್ತೆ ರಾಟೆ ತಿರುಗಿಸತೊಡಗಿದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯಲ್ಲಿ ನೊಣ ಹುಡುಕುವುದು ಎನ್ನುತ್ತಾರಲ್ಲ, ನನ್ನ ಹೆಗ್ಗಣ ಧಾರಾಪುರದಲ್ಲಿತ್ತು. ನನ್ನ ಮಗಳು ಇಲಕ್ಕಿಯಾಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಮೊದಲ ಹಬ್ಬಕ್ಕೆ ಬಂದ ಅಳಿಯನ ಕುಂದುಗಳನ್ನು ಅವನ ತಾಯಿಯ ಎದುರಿಗೇ ಬೆರಳು ಮಡಿಸಿ ಎಣಿಸಿದ್ದೆ.

"ಇಲಕ್ಕಿಯಾ ನನ್ ಫೋನ್ ಎತ್ತಲ್ಲ ಗೋಕಿಲಾ. ಎರಡು ವರ್ಸ ಆಯ್ತು. ಸಭೇಲಿ ಯಾರ್ಗೂ ಹೇಳಿಲ್ಲ." ಯಾಕೆಂಬುದನ್ನೂ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

ಗೋಕಿಲಾ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಬಂದು ನನ್ನ ತಲೆಯ ಮೇಲಿಟ್ಟಳು. ಪಾಸ್ಟರು ಇಡುವ ಹಾಗೆ, ನನಗೆ, ಸಭೆಯಲ್ಲಿ ಅವಳಿಗಿಂತ ಎಷ್ಟೋ ವರ್ಷ ಸೀನಿಯರಿಗೆ. ಕಣ್ಣು ಮುಚ್ಚಿದಳು. ಸಭೆಯ ತಮಿಳು ಪ್ರಾರ್ಥನೆ ಅವಳಿಗೆ ಇನ್ನೂ ಬಾರದು. ಮನೆಯ ಮಾತಿನಲ್ಲೇ ಬೇಡಿದಳು.

"ಸಾಮಿ, ಇವ್ಳ ಮಗ್ಳು ಫೋನ್ ಎತ್ಲಿ."

"ಆಮೆನ್" ಎಂದೆ.

"ಎತ್ತಿದ್ಮೇಲೆ ಇವ್ಳು ಬಾಯ್ ಮುಚ್ಕೊಂಡು ಕೇಳ್ಲಿ."

ಗೋಕಿಲಾ ಕೈ ತೆಗೆಯಲಿಲ್ಲ. ಒಂದು ಕಣ್ಣು ತೆರೆದು ಕಾದಳು, ನಾನು ಅದಕ್ಕೂ ಆಮೆನ್ ಹೇಳುವವರೆಗೆ.