ಕಿವಿಗೆ ಹಾಕಿಕೊಳ್ಳದ ಸುದ್ದಿ

ಭಾಮಾಳ ಮಗಳ ಮದುವೆ ಒಂದು ಸಲ ನಿಂತುಹೋಗಿತ್ತು. ಲಗ್ನಪತ್ರಿಕೆ ಅಚ್ಚಾಗಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಕೊಯಮತ್ತೂರಿನ ನೆಂಟರಿಗೆಲ್ಲ ಹಂಚಿ ಮುಗಿಸಿದ ಮೇಲೆ ಅತ್ತೆ ತೀರಿಕೊಂಡರು. ತೊಂಬತ್ತು ದಾಟಿದ ಮುದುಕಿ ಇನ್ನೊಂದು ತಿಂಗಳು ತಡೆದುಕೊಂಡಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಹಾಗಂತ ಭಾಮಾ ಬಾಯಿಬಿಟ್ಟು ಅನ್ನಲಿಲ್ಲ, ಸೊಸೆಯಾದವಳು ಅನ್ನುವ ಮಾತೂ ಅಲ್ಲ. ಸೂತಕ ಕಳೆದು, ವರ್ಷಾಬ್ದಿಕ ಮುಗಿದು, ಮತ್ತೆ ಮುಹೂರ್ತ ಇಡುವ ಹೊತ್ತಿಗೆ ತಿರುಪ್ಪೂರಿನ ಬೀಗರ ಮುಖ ಹುಳಿ ಹುಳಿಯಾಗಿತ್ತು. ಹುಡುಗನ ಅಜ್ಜಿ ನೇರವಾಗಿಯೇ ಹೇಳಿಬಿಟ್ಟಿದ್ದಳು: "ಇನ್ನೊಂದ್ಸಲ ತಡೆ ಬಂತೂಂದ್ರೆ, ಇದು ಬೇಡಾಂತ ದೇವರೇ ಹೇಳಿದ ಹಾಗೆ."

ಇಂಥದ್ದರಲ್ಲಿ, ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ, ಧಾರಾಪುರಂನಲ್ಲಿ ಮಾಧವ್ ಕುಸಿದು ಬಿದ್ದ.

ಮಾಧವ್ ಎಂದರೆ ಭಾಮಾಳ ಗಂಡ ರಾಮಪ್ರಸಾದನ ಒಬ್ಬನೇ ತಮ್ಮ. ರಾಮಪ್ರಸಾದ್ ಪಲ್ಲಡಂ ರಸ್ತೆ ಹಿಡಿದು ಓಡಿದ, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ತಮ್ಮನನ್ನು ನೋಡಿದ, ಸಂಜೆಗೆ ಡಾಕ್ಟರ್ ಅಂದ ಒಂದೇ ಮಾತನ್ನು ಹೊತ್ತುಕೊಂಡು ವಾಪಸು ಬಂದ. ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ. ಸ್ವಂತ ತಮ್ಮ ಹೋದರೆ ಅಣ್ಣನಿಗೆ ಹತ್ತು ದಿನ ಸೂತಕ. ಕನ್ಯಾದಾನ ಮಾಡುವ ಅಪ್ಪನಿಗೇ ಸೂತಕ ಬಂದರೆ ಹರಿಪ್ರಿಯಾಳ ಮದುವೆ ಎರಡನೆಯ ಸಲವೂ ನಿಂತಂತೆ, ಇನ್ನು ಆ ಬೀಗರು ಈ ಕಡೆ ತಲೆ ಹಾಕುವುದಿಲ್ಲ.

ಆಗ ದಾರಿ ತೋರಿಸಿದವರು ವ್ಯಾಸರಾಯರು. ರಾಮಪ್ರಸಾದನ ಚಿಕ್ಕಪ್ಪ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಬಗಲಲ್ಲಿ ಪಂಚಾಂಗ, ಕೈಯಲ್ಲಿ ಮೊಬೈಲು. ಶಾಸ್ತ್ರದ ಮಾತು ಬಂದರೆ ಆ ಮನೆಯಲ್ಲಿ ಅವರದೇ ಕೊನೆಯ ಮಾತು. ತಮಿಳು ಬೆರೆತ ಮನೆಗನ್ನಡದಲ್ಲಿ ಅವರು ಹೇಳಿದರು:

"ಕಣ್ಣೆದುರಿನ ಸಾವು ಬೇರೆ, ದೂರದ್ದು ಬೇರೆ. ದೂರದ್ದಕ್ಕೆ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಬೀಳಲಿಲ್ಲಾಂದ್ರೆ ಇಲ್ಲ. ಇವತ್ತಿಂದ ಮಾಧವನ ಮನೆ ಫೋನ್ ಯಾರೂ ಎತ್ತಬೇಡಿ, ಮೆಸೇಜ್ ಬಂದ್ರೆ ತೆರೀಬೇಡಿ. ನಾಂದಿ ಇಟ್ಟಮೇಲೆ ಸೂತಕ ತಟ್ಟಲ್ಲಾಂತ ಇದೆ, ಆನಾ ಇದ್ರೇನು, ಬೀಗರ ಮುಂದೆ ಅಳುಮುಖ ತೋರಿಸಕ್ಕಾಗತ್ತಾ? ಎಲ್ಲಾ ಮುಗೀಲಿ. ಅಪ್ಪುರಂ ಒಟ್ಟಿಗೆ ಕೂತು ಕೇಳೋಣ, ತಲೆಗೆ ನೀರು ಹಾಕ್ಕೊಳ್ಳೋಣ."

"ಅವನು ಹುಷಾರಾದ್ರೆ ಚಿಕ್ಕಪ್ಪ?" ಎಂದ ರಾಮಪ್ರಸಾದ್.

"ಹುಷಾರಾದ್ರೆ ಸಂತೋಷ ತಾನೇ? ಸಂತೋಷದ ಸುದ್ದಿ ಎರಡು ದಿವಸ ತಡವಾಗಿ ಕೇಳಿದ್ರೆ ಹಳಸಿಹೋಗತ್ತಾ?"

ಕೇಳಿದವರಿಗೆಲ್ಲ ಸರಿ ಅನ್ನಿಸಿತು. ಎಲ್ಲರಿಗಿಂತ ಮೊದಲು "ಆಯ್ತು ಮಾವ" ಎಂದವಳು ಭಾಮಾ. ಇದನ್ನು ಮಾಧವನ ಹೆಂಡತಿ ರುಕ್ಮಣಿಗೆ ತಿಳಿಸಬೇಡವೇ ಎಂದು ಒಮ್ಮೆ ಅನ್ನಿಸಿತು, ನಿಜ. ಆದರೆ ತಿಳಿಸುವುದು ಹೇಗೆ? ನಿನ್ನ ಗಂಡ ಸತ್ತರೆ ನಮಗೆ ಹೇಳಬೇಡಮ್ಮ ಎಂದು ಯಾವ ಬಾಯಿಂದ ಹೇಳುವುದು? ಆ ಮಾತು ಅಲ್ಲಿಗೇ ಬಿಟ್ಟುಹೋಯಿತು. ರಾಮಪ್ರಸಾದ್ ತನ್ನ ಫೋನಿನಲ್ಲಿ ತಮ್ಮನ ನಂಬರನ್ನೇ ಬ್ಲಾಕ್ ಮಾಡಿದ. ಭಾಮಾಳಿಗೆ ಅಷ್ಟು ಕೈ ಬರಲಿಲ್ಲ, ಶಬ್ದ ಮಾತ್ರ ತೆಗೆದಳು.

ಕೈ ಬರುವುದಾದರೂ ಹೇಗೆ? ಮಾಧವನನ್ನು ಅವಳು ಹೆತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಅವನು ಮೂಗು ಒರೆಸಿಕೊಳ್ಳಲೂ ಬಾರದ ಪೋಕರಿ. ಬೀದಿಗೆಲ್ಲ ಆಗ ಒಂದೇ ಫೋನು, ಎದುರು ಮನೆಯ ಸುಬ್ಬಾತಾಳ್‌ಳದು. ಆಯಮ್ಮ ಜಗಲಿಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಸಾಕು, ಮಾಧವ್ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಯಾರದೋ ಮನೆಯಲ್ಲಿ ಹೆರಿಗೆಯಾಯಿತು, ಯಾರೋ ಪಾಸಾದರು ಎಂದು ಬೀದಿಯುದ್ದಕ್ಕೂ ಸಾರುತ್ತಾ ಬರುವವನು ಅವನೇ.

ರಾಮಪ್ರಸಾದನ ತಂಗಿಯ ಮದುವೆಯ ದಿನ ಸೇಲಂನಿಂದ ಸುಬ್ಬಾತಾಳ್‌ಗೆ ಟ್ರಂಕ್ ಕಾಲ್ ಬಂತು, ದೊಡ್ಡಪ್ಪ ಹೋಗಿಬಿಟ್ಟರು ಅಂತ. ಆಯಮ್ಮ ಏನು ಮಾಡಿದಳು ಗೊತ್ತೇ? ರಿಸೀವರ್ ಇಟ್ಟು, ಸೀರೆ ಬದಲಾಯಿಸಿ ಮದುವೆ ಮನೆಗೆ ಬಂದಳು. ಪಾಯಸಕ್ಕೆ ಸಕ್ಕರೆ ಸಾಲದು ಎಂದು ಅಡುಗೆಯವನನ್ನು ಗದರಿದಳು. ಹೆಣ್ಣೊಪ್ಪಿಸಿ ಕಾರು ಹೊರಟ ಮೇಲೆ ಭಾಮಾಳನ್ನು ಮೂಲೆಗೆ ಕರೆದು, "ಕಣ್ಣು, ಒಂದ್ ವಿಷಯಮುಂಗ" ಎಂದು ಕೈ ಹಿಡಿದುಕೊಂಡು ಆಗ ಸುದ್ದಿ ಹೇಳಿದಳು. ಸಂಸ್ಕೃತದ ಒಂದಕ್ಷರ ಗೊತ್ತಿಲ್ಲದ ಗೌಂಡರ ಹೆಂಗಸು. ಆಗೆಲ್ಲ ಸುದ್ದಿ ಮೊದಲು ಒಬ್ಬ ಮನುಷ್ಯರ ಹೊಟ್ಟೆಗೆ ಬೀಳುತ್ತಿತ್ತು. ಒಳ್ಳೆಯದಾದರೆ ಓಡಿ ಬರುತ್ತಿತ್ತು, ಕೆಟ್ಟದ್ದಾದರೆ ಹೊತ್ತು ನೋಡಿ ಈಚೆ ಬರುತ್ತಿತ್ತು. ಈಗಿನ ಈ ಡಬ್ಬಿಗೆ ಹೊಟ್ಟೆಯೆಲ್ಲಿದೆ?

ಅದೇ ಪೋಕರಿ ದೊಡ್ಡವನಾಗಿ ಧಾರಾಪುರಂನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದ. ಹೊಸದು ಏನು ಬಂದರೂ ಮೊದಲು ಅತ್ತಿಗೆಯ ಕೈಗೆ. ನಂಬರು ತಿರುಗಿಸುವ ಕಪ್ಪು ಫೋನು ಹಾಕಿಸಿದವನು ಅವನು, ಅದನ್ನು ಕಿತ್ತು ಗುಂಡಿಯ ಫೋನು ತಂದವನು ಅವನು, ಆಮೇಲೆ ಮೊಬೈಲು. ಎಸ್ಸೆಮ್ಮೆಸ್ ಬಂದಾಗ ಮಾತ್ರ ಭಾಮಾ ಸೋತಳು. ಈ ಮನೆಯ ಕನ್ನಡ ಬಾಯಲ್ಲಷ್ಟೇ ಇರುವ ಕನ್ನಡ, ಅಕ್ಷರ ಯಾರಿಗೂ ಬಾರದು, ಶಾಲೆಯಲ್ಲಿ ಕಲಿತದ್ದು ತಮಿಳು. ತಮಿಳಿನ ಅಕ್ಷರದಲ್ಲಿ ಕನ್ನಡ ಬರೆದರೆ 'ಗಂಡ'ನೂ 'ಕಂಡ'ನೂ ಒಂದೇ ಆಗಿ ಮನೆಯವರೆಲ್ಲ ನಗುತ್ತಿದ್ದರು. ಕೊನೆಗೆ ವಾಟ್ಸಾಪ್ ಬಂತು. ಮಾಧವ್ ಅವಳ ಹೆಬ್ಬೆರಳು ಹಿಡಿದು ಮೈಕಿನ ಗುರುತಿನ ಮೇಲಿಟ್ಟ.

"ಓದಕ್ಕೂ ಬೇಡ, ಬರಿಯಕ್ಕೂ ಬೇಡ ಅತ್ತಿಗೆ. ಇದನ್ನ ಒತ್ತಿ ಹಿಡ್ಕೊಂಡು ಮಾತಾಡು, ಸಾಕು. ನಮ್ಮಂಥವರಿಗೇಂತ್ಲೇ ಮಾಡಿದಾನೆ ಪುಣ್ಯಾತ್ಮ."

ಅಂದಿನಿಂದ ದಿನಾ ಅವನ ದನಿ ಬರುತ್ತಿತ್ತು. ಸಾರಿಗೆ ಒಗ್ಗರಣೆ ಸೀದದ್ದು, ಅಮರಾವತಿಯಲ್ಲಿ ನೀರು ಬಂದದ್ದು, ರುಕ್ಮಣಿಯ ಮಂಡಿ ನೋವು, ಎಲ್ಲವೂ. ಮಕ್ಕಳಿಲ್ಲದ ಮನೆ, ಹೇಳಿಕೊಳ್ಳಲು ಬೇರೆ ಯಾರಿದ್ದರು?

ನಾಂದಿಯ ಬೆಳಿಗ್ಗೆ ಮಡಿಸೀರೆ ಉಟ್ಟು ನಿಂತಿದ್ದ ಭಾಮಾಳ ಫೋನಿನಲ್ಲಿ ಮಾಧವನ ಹೆಸರು ಬೆಳಗಿತು. ಒಂದು ಮೈಕಿನ ಚಿತ್ರ, ಪಕ್ಕದಲ್ಲಿ ಎಷ್ಟು ಉದ್ದದ ಮಾತು ಎಂಬ ಅಂಕೆ, ಮತ್ತೇನೂ ಇಲ್ಲ. ಹಿಂದೆ ಅಂಚೆಯಲ್ಲಿ ಬಂದ ಲಕೋಟೆಗೆ ಅರಿಶಿನವಿದ್ದರೆ ಶುಭ, ಕಪ್ಪು ಅಂಚಿದ್ದರೆ ಸಾವು, ಒಡೆಯದೆಯೇ ತಿಳಿಯುತ್ತಿತ್ತು. ಇದರ ಹೊರಮೈ ನೋಡಿದರೆ ಒಳಗಿರುವವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಬ್ರಹ್ಮನಿಗೂ ತಿಳಿಯದು.

"ಬಂತಾ?" ಎಂದು ಗಂಡ ಕಣ್ಣಲ್ಲೇ ಕೇಳಿದ. ಅವಳು ತಲೆಯಾಡಿಸಿದಳು. ಇಬ್ಬರೂ ಅದನ್ನು ಸಾವೆಂದೇ ಓದಿಕೊಂಡರು. ಅವಳು ಫೋನನ್ನು ಚೀಲಕ್ಕೆ ಹಾಕಿ, ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಮುಖ ತೊಳೆದು ಬಂದು ಆರತಿ ತಟ್ಟೆ ಹಿಡಿದಳು. ಸುದ್ದಿ ಕೇಳದೆಯೇ ಅತ್ತಾಯಿತು, ಕೇಳಿಲ್ಲವಾದ್ದರಿಂದ ಸೂತಕವಿಲ್ಲ. ಯಾರಿಗೆ ಮೋಸ ಮಾಡಿದಂತಾಯಿತು, ನೀವೇ ಹೇಳಿ.

ಸಂಜೆ ಇನ್ನೊಂದು ಬಂತು. ಅಂತ್ಯಸಂಸ್ಕಾರ ಯಾವಾಗ ಎಂದು ಕೇಳುತ್ತಿರಬೇಕು ಎಂದುಕೊಂಡಳು. ಅಣ್ಣ ಬರದೆ ಬೆಂಕಿ ಇಡುವವರು ಯಾರು, ರುಕ್ಮಣಿ ಒಬ್ಬಳೇ ಏನು ಮಾಡುತ್ತಾಳೆ? ವ್ಯಾಸರಾಯರ ಹತ್ತಿರ ಹೋಗಿ ನಿಂತಳು. "ಬಿಸಿತುಪ್ಪ ಬಾಯಲ್ಲಿದೆಯಮ್ಮ, ಕೊಂಚ ತಡ್ಕೋ" ಎಂದರು ಅವರು.

ಮರುದಿನ ಮುಹೂರ್ತ. ಹಸೆಯ ಮೇಲೆ ಹರಿಪ್ರಿಯಾ ತಲೆ ತಗ್ಗಿಸಿ ಕೂತಿದ್ದಾಳೆ, ಪುರೋಹಿತರು ಗಟ್ಟಿಮೇಳಕ್ಕೆ ಕೈ ಎತ್ತುವುದರಲ್ಲಿದ್ದಾರೆ, ಆಗ ಭಾಮಾಳ ಕೈಯಲ್ಲಿದ್ದ ಫೋನು ಬೆಳಗಿತು. ವಿಡಿಯೋ ಕಾಲ್. ಪರದೆಯ ತುಂಬ ಮಾಧವನ ದುಂಡು ಮುಖ, ಹೋದ ವರ್ಷ ಅವಳ ಅಡುಗೆಮನೆಯಲ್ಲೇ ತೆಗೆದ ಫೋಟೋ. ಹೆಣವನ್ನು ತೋರಿಸಲು ಕರೆಯುತ್ತಿದ್ದಾಳೆ ರುಕ್ಮಣಿ ಎಂದುಕೊಂಡಳು. ಹುಡುಗನ ಅಜ್ಜಿ ಪಕ್ಕದಲ್ಲೇ ಕತ್ತು ಚಾಚಿ ನೋಡುತ್ತಿದ್ದಳು. ಭಾಮಾ ಕೆಂಪು ಗುಂಡಿ ಒತ್ತಿದಳು. ಮತ್ತೆ ಬೆಳಗಿತು, ಮತ್ತೆ ಒತ್ತಿದಳು. ವಾಲಗ ಜೋರಾಯಿತು, ತಾಳಿ ಕಟ್ಟಿದ್ದಾಯಿತು, ಎಲ್ಲರೂ ಅಕ್ಷತೆ ಎಸೆದರು. ಅವಳೂ ಎಸೆದಳು.

ಮಧ್ಯಾಹ್ನ ಊಟದ ಹೊತ್ತಿಗೆ ಮೂರನೆಯದು ಬಂತು, ತೀರಾ ಚಿಕ್ಕದು. ಆಮೇಲೆ ಏನೂ ಬರಲಿಲ್ಲ.

ಮಾರನೆಯ ದಿನ ನಾಗವಲ್ಲಿ ಮುಗಿಸಿ, ಹೆಣ್ಣನ್ನು ತಿರುಪ್ಪೂರಿಗೆ ಕಳಿಸಿ, ಮೂವರೂ ಮನೆಗೆ ಬಂದರು. ವ್ಯಾಸರಾಯರು ಗೀಸರ್ ಹಾಕಿಸಿದರು. ಭಾಮಾ ಹಳೆಯ ಹತ್ತಿ ಸೀರೆ ಉಟ್ಟು ಬಂದಳು, ರಾಮಪ್ರಸಾದ್ ಟವಲ್ ಹೆಗಲಿಗೆ ಹಾಕಿ ಚಾಪೆಯ ಮೇಲೆ ಕೂತ. ಅಳಲು ಎಲ್ಲ ಸಿದ್ಧವಾಯಿತು.

"ಹಾಕಮ್ಮ" ಎಂದರು ವ್ಯಾಸರಾಯರು.

ಮೊದಲನೆಯದು ರುಕ್ಮಣಿಯ ದನಿ. ಅವಳು ಏದುಸಿರು ಬಿಡುತ್ತಿದ್ದಳು, ಓಡಿ ಬಂದವಳ ಹಾಗೆ. "ಅಕ್ಕಾ, ಇವರು ಕಣ್ಣು ಬಿಟ್ಟರು. ಕೇಳಿಸ್ತಾ? ಬೆಳಿಗ್ಗೆ ಎದ್ದವರೇ ಎರಡು ಸ್ಪೂನ್ ಗಂಜಿ ಕುಡಿದರು. ಮಗೂದು ನಾಂದಿ ಇವತ್ತಲ್ವಾಂತ ಕೇಳಿದರು ಅಕ್ಕಾ. ನೀವು ಯಾರೂ ಕಣ್ಣಲ್ಲಿ ನೀರು ಹಾಕ್ಬೇಡಿ, ಸಂತೋಷವಾ ಮದುವೆ ಮಾಡಿ."

ರಾಮಪ್ರಸಾದನ ಹೆಗಲಿನ ಟವಲ್ ಜಾರಿತು. ಭಾಮಾ ನಕ್ಕುಬಿಟ್ಟಳು, ಎರಡನೆಯದನ್ನು ಒತ್ತಿದಳು. ಈ ಸಲ ಮಾಧವನೇ. ದನಿ ನೂಲಿನಷ್ಟು ಸಣ್ಣಗಾಗಿತ್ತು, ಆದರೆ ಅವನೇ.

"ಅತ್ತಿಗೆ, ನಾನು. ಸಾಯ್ಲಿಲ್ಲ, ಹೆದರ್ಕೋಬೇಡ. ನಾಳೆ ತಾಳಿ ಹೊತ್ತಿಗೆ ವಿಡಿಯೋ ಮಾಡ್ತೀನಿ, ಫೋನ್ ಎತ್ತಿ ಹಿಡ್ಕೋ, ಅಷ್ಟೇ. ನಾನು ಎತ್ತಿ ಆಡಿಸಿದ ಮಗು, ತಾಳಿ ಕಟ್ಟೋದು ನೋಡ್ಬೇಕು. ಡಾಕ್ಟರ್ ಬೈತಾನೆ, ಆನಾ ರುಕ್ಮಣಿ ದಿಂಬು ಕೊಟ್ಟು ಕೂರಿಸ್ತೀನಿ ಅಂದಿದಾಳೆ."

ವ್ಯಾಸರಾಯರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮೂರನೆಯದನ್ನು ಒತ್ತಲು ಭಾಮಾಳ ಬೆರಳು ಒಪ್ಪಲಿಲ್ಲ, ರಾಮಪ್ರಸಾದ್ ಒತ್ತಿದ.

"ಕೈ ಖಾಲಿ ಇರಲ್ಲ ನಿಂಗೆ. ಪರವಾಯಿಲ್ಲೆ ಅತ್ತಿಗೆ. ಯಾರಾದ್ರೂ ಫೋಟೋ ತೆಗೆದಿದ್ರೆ ಕಳ್ಸು."

ಭಾಮಾ ಕೂಡಲೇ ಕರೆ ಮಾಡಿದಳು. ಬದುಕಿದ್ದಾನಲ್ಲ, ಅಷ್ಟು ಸಾಕು. ಈಗಲೇ ಹೊರಟರೆ ಸಂಜೆಯೊಳಗೆ ಧಾರಾಪುರಂ. ಕಾಲು ಹಿಡಿದು ತಪ್ಪಾಯಿತು ಅಂದರೆ ಆ ಪೋಕರಿ ನಕ್ಕುಬಿಡುತ್ತಾನೆ. ಫೋಟೋ ಅಷ್ಟೇ ಏಕೆ, ಹರಿಪ್ರಿಯಾಳನ್ನೇ ಗಂಡನ ಸಮೇತ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ಇಷ್ಟೆಲ್ಲ ಅವಳ ತಲೆಯಲ್ಲಿ ಓಡುತ್ತಿರುವಾಗ ರುಕ್ಮಣಿ ಫೋನ್ ಎತ್ತಿದಳು.

"ಅಕ್ಕಾ, ನಾಗವಲ್ಲಿ ಮುಗೀತಾ?"

"ಮುಗೀತು ರುಕ್ಮಣಿ. ಮಾಧವನ ಕೈಗೆ ಕೊಡು."

"ಮಗು ಗಂಡನ ಮನೆಗೆ ಹೋಗಿ ಸೇರಿದಳಾ?"

"ಸೇರಿದಳು. ಅವನ ಕೈಗೆ ಕೊಡಮ್ಮ."

"ಹಾಗಾದ್ರೆ ಈಗ ಹೇಳಬಹುದು ಅಲ್ವಾ ಅಕ್ಕಾ" ಎಂದಳು ರುಕ್ಮಣಿ. "ನಿನ್ನೆ ಸಾಯಂಕಾಲ ಹೋದರು. ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ಅವರ ಅಣ್ಣ ಬರಲೀಂತ."

ಭಾಮಾಳ ಬಾಯಿಂದ ಬಂದ ಮಾತು ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಒಂದು ಮಾತು ಹೇಳಲಿಲ್ಲವಲ್ಲೇ."

"ಮದುವೆ ಮನೆಗೆ ಸಾವಿನ ಸುದ್ದಿ ಯಾರಾದ್ರೂ ಕಳಿಸ್ತಾರಾ ಅಕ್ಕಾ? ನಾನೂ ಆ ಮನೆ ಸೊಸೆ ತಾನೇ." ರುಕ್ಮಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಫೋನ್ ಎದೆ ಮೇಲೆ ಇಟ್ಕೊಂಡು ನೋಡ್ತಾನೇ ಇದ್ದರು. ಅತ್ತಿಗೆ ಇನ್ನೂ ಕೇಳಿಲ್ಲ, ಕೇಳಿದ ತಕ್ಷಣ ಮೈಕಿನ ಗುರುತು ನೀಲಿ ಆಗತ್ತೆ, ನೋಡು ಅನ್ನೋರು. ಈಗ ಆಗಿದೆ. ಈಗ ತಾನೇ ನೋಡಿದೆ."

ಫೋನು ಇಟ್ಟಮೇಲೆ ಭಾಮಾಳಿಗೆ ತಿಳಿಯಿತು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ ಇರಬೇಕು. ಆ ಹೆಣ್ಣು ಸಾವನ್ನು ಎಂದೂ ಕಳಿಸುತ್ತಿರಲಿಲ್ಲ. ಸುಬ್ಬಾತಾಳ್ ಇಟ್ಟುಕೊಂಡ ಹಾಗೆ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು, ಇಟ್ಟುಕೊಂಡೂ ಇದ್ದಳು. ಧಾರಾಪುರಂನಿಂದ ಮೆಸೇಜು ಬಂದಿದೆ ಎಂದರೆ ಮಾಧವ್ ಬದುಕಿದ್ದಾನೆ ಎಂದೇ ಅರ್ಥ. ಅದನ್ನು ತೆರೆಯುವುದೂ ಬೇಕಿರಲಿಲ್ಲ, ಫೋನು ಬೆಳಗಿದ್ದನ್ನು ನೋಡಿದ್ದರೆ ಸಾಕಿತ್ತು.

ರಾಮಪ್ರಸಾದ್ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ವ್ಯಾಸರಾಯರು ಕನ್ನಡಕ ಮತ್ತೆ ಹಾಕಿಕೊಂಡು, "ನೀರು ಕಾದಿದೆ. ಕೇಳಿದ್ದಾಯ್ತಲ್ಲ, ತಲೆಗೆ ಹಾಕ್ಕೊಂಡು ಬಾಮ್ಮ, ಹೊರಡೋಣ" ಎಂದರು.

ಭಾಮಾ ಕೂತಲ್ಲಿಂದ ಏಳಲಿಲ್ಲ.

"ಇದು ನಿನ್ನೆ ಹೋದವನ ಸ್ನಾನ ಮಾವ" ಎಂದಳು. "ಮೊನ್ನೆ ಬೆಳಿಗ್ಗೆ ನಾನೇ ಅವನನ್ನ ಸಾಯ್ಸಿ, ಬಚ್ಚಲಲ್ಲಿ ಅತ್ತು ಬಂದೆನಲ್ಲ. ಆ ಸ್ನಾನ ಯಾವಾಗ ಮಾಡ್ಲಿ?"