ಹಂದಿಯ ಕವಾಟ

ಎದೆಯ ನಡುವಿನ ಉದ್ದ ಹೊಲಿಗೆಯ ಗುರುತಿಗೆ ಕೈ ತಾಗಿದ್ದೇ ತಡ, ಗುರಪ್ಪ ತಂಬಿಗೆ ಕುಕ್ಕಿ ಹಿಂದೆ ಸರಿದ. ಅಂಗಳದಲ್ಲಿ ಅವನ ಅಣ್ಣ ರಾಚಪ್ಪನ ಹೆಣಕ್ಕೆ ಸ್ನಾನ ನಡೆದಿತ್ತು.

"ನನ್ನ ಕೈಲೆ ಆಗೂದಿಲ್ಲ ವೈನಿ. ಒಳಗ ಹಂದಿ ಐತಿ," ಎಂದು ಅಂಗೈಯನ್ನು ಗೋಡೆಗೆ ಉಜ್ಜಿದ.

ರಾಚಪ್ಪನ ಹೆಂಡತಿ ಶಂಕ್ರೆವ್ವ ತಂಬಿಗೆ ಎತ್ತಿಕೊಂಡು ತಾನೇ ನೀರು ಹೊಯ್ದಳು.

ಕಟ್ಟೆಯ ಮೇಲೆ ಕುಳಿತಿದ್ದ ಗುರಪ್ಪನ ಬೀಗ ಚಂದಪ್ಪ ತಂಬಾಕು ಉಗುಳಿದ. ಅದು ಸ್ನಾನದ ನೀರಿನ ಜೊತೆಗೇ ಹರಿಯಿತು. "ಲೋಹದ್ದು ಹಾಕಿಸ್ಕೊಂಡಿದ್ರ ಇನ್ನ ಹತ್ತು ವರ್ಷ ಇರ್ತಿದ್ದ. ಲಿಂಗ ಕಟ್ಟಿದ ಮೈಯಾಗ ಅಂಥಾ ಹೊಲಸು ಇಟ್ಕೊಂಡ್ರ ಇನ್ನೇನಾಗ್ತೈತಿ?"

ಶಂಕ್ರೆವ್ವನಿಗೆ ಅವರಿಬ್ಬರನ್ನು ಕಂಡೇ ಹೇಸಿಗೆಯಾಯಿತು. ಇವರೆಲ್ಲ ಆತನ ತೋಟದ ನಿಂಬೆ ಹಿಂಡಿಕೊಂಡು ಉಂಡವರು.

*

ಮೂರು ವರ್ಷದ ಹಿಂದೆ, ೧೯೭೬ರಲ್ಲಿ, ಮುಂಬಯಿಯ ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಗುರಪ್ಪನೇ ಕನ್ನಡದಲ್ಲಿ ತಿಳಿಸಿದ್ದ. ಹೃದಯದ ಕವಾಟ ಕೆಟ್ಟಿದೆ, ಬೇರೆ ಹಾಕಬೇಕು. ಲೋಹದ್ದು ಬಹಳ ವರ್ಷ ಬಾಳುತ್ತದೆ. ಆದರೆ ಸಾಯುವವರೆಗೂ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು, ಮೇಲಿಂದ ಮೇಲೆ ರಕ್ತ ತಪಾಸಣೆ ಮಾಡಿಸಬೇಕು, ಗಾಯವಾದರೆ ರಕ್ತ ಬೇಗ ನಿಲ್ಲದು. ಹಂದಿಯ ಕವಾಟಕ್ಕೆ ಕಾಯಂ ಗುಳಿಗೆ ಬೇಡ. ಆದರೆ ಎಷ್ಟು ವರ್ಷ ತಾಳುತ್ತದೋ ಯಾರಿಗೂ ಖಾತ್ರಿಯಿಲ್ಲ.

"ಲೋಹದ್ದ ಹಾಕ್ರಿ ಅಂತ ಹೇಳ್ತೇನಿ," ಎಂದ ಗುರಪ್ಪ.

ರಾಚಪ್ಪ ತೋಳು ಮುಂದೆ ಚಾಚಿದ. ಮೊಣಕೈವರೆಗೂ ನಿಂಬೆಮುಳ್ಳಿನ ಗೀರುಗಳು. "ದಿನಾ ಮುಳ್ಳಿನಾಗ ಕೈ ಹಾಕಾಂವ ನಾ. ರಕ್ತ ನಿಲ್ಲಲಿಲ್ಲಂದ್ರ? ಅರವತ್ತಾರು ಆಗ್ಯಾವ. ಇನ್ನ ಮ್ಯಾಲ ಕೈ ಕಟ್ಟಿ ಕುಂತು ಬದುಕೂದು ನನಗ ಬ್ಯಾಡ. ಹಂದಿದ ಹಾಕ್ಲಿ."

"ಹೇಸಿಗಿ ಬರಂಗಿಲ್ಲೇನು ನಿನಗ?"

"ಬರ್ತೈತಿ." ಓಣಿಯಲ್ಲಿ ಹಂದಿ ಮೈಗೆ ತಾಗಿದರೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವ ಮನುಷ್ಯ ಆತ. "ಆದ್ರ ರಕ್ತ ತಪಾಸಣಿಗೆ ಮಂದಿ ಕೈ ಹಿಡಕೊಂಡು ನಮ್ಮ ಇಂಡಿಯಿಂದ ಸೊಲ್ಲಾಪುರಕ್ಕ ಅಲಿಯೂದು ಅದಕ್ಕಿಂತ ಹೇಸಿಗಿ." ಹೆಂಡತಿಯ ಕಡೆ ತಿರುಗಿದ. "ನೀ ಏನಂತೀ?"

ಶಂಕ್ರೆವ್ವ ಬಾಯಿಗೆ ಒತ್ತಿದ್ದ ಸೆರಗು ತೆಗೆದು, "ಎದಿ ನಿಮ್ದು. ನೀವ ಹೇಳ್ರಿ," ಎಂದಳು.

ಊರಿಗೆ ಬಂದ ಮೇಲೆ ಗುರಪ್ಪ ಅಣ್ಣನ ಮನೆಯಲ್ಲಿ ನೀರು ಮುಟ್ಟಲಿಲ್ಲ. ಸುದ್ದಿ ಮಾತ್ರ ಮನೆಮನೆಗೂ ಮುಟ್ಟಿಸಿದ. ರಾಚಪ್ಪ ಮತ್ತೆ ತೋಟಕ್ಕಿಳಿದ. ಕೈ ಗೀರಿಸಿಕೊಂಡು ಬಂದ ದಿನ ಶಂಕ್ರೆವ್ವ ಎಣ್ಣೆ ಹಚ್ಚುವಾಗ, "ನೋಡು, ರಕ್ತ ಆಗಲೇ ನಿಂತೈತಿ," ಎಂದು ನಗುತ್ತಿದ್ದ. ನಿನ್ನೆ ಮಧ್ಯಾಹ್ನ ಗಿಡದ ಬುಡದಲ್ಲೇ ಕುಸಿದ.

*

ಪಕ್ಕದ ಹೊಲದ ಬಂದಗಿಸಾಬ ತೋಟದ ಮೂಲೆಯಲ್ಲಿ ಕುಣಿ ತೋಡಿ ಇನ್ನೂ ಅದರೊಳಗೇ ನಿಂತಿದ್ದ. ಹೆಣವನ್ನು ಇಳಿಸಿಕೊಂಡು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡ್ರಿಸಲು ಇನ್ನೊಬ್ಬರು ಬೇಕಿತ್ತು. ಮಕ್ಕಳಿಲ್ಲದ ಮನೆ; ಅದು ತಮ್ಮನ ಕೆಲಸ.

"ಇಳಿಯೋ ಗುರಪ್ಪಾ," ಎಂದರು ಊರ ಅಯ್ಯನವರು.

"ಸೊಂಟ ಹಿಡದೈತ್ರಿ ಅಜ್ಜಾರ." ಗುರಪ್ಪ ಚಂದಪ್ಪನನ್ನು ನೋಡಿದ. ಚಂದಪ್ಪ ಆಕಾಶ ನೋಡಿದ.

ಶಂಕ್ರೆವ್ವ ಸೀರೆಯ ಕಚ್ಚೆ ಬಿಗಿದಳು.

"ಹೆಣ್ಮಕ್ಕಳು ಇಳಿಬಾರದವಾ," ಎಂದರು ಅಯ್ಯನವರು.

"ಗಂಡಸ್ರು ಹೇಸಾಕತ್ತಾರ್ರಿ. ನಿಮಗೂ ಹೇಸಿಗಿ ಬಂದಿದ್ರ ನೀವೂ ಮನಿಗೆ ಹೋಗ್ರಿ."

ಅಯ್ಯನವರು ತಲೆ ತಗ್ಗಿಸಿ ವಿಭೂತಿಯ ಗಂಟು ಬಿಚ್ಚಿದರು.

"ಬಾ ಯವ್ವಾ, ನಾ ಅದೇನಿ," ಎಂದ ಬಂದಗಿಸಾಬ.

ಇಬ್ಬರೂ ರಾಚಪ್ಪನನ್ನು ಇಳಿಸಿಕೊಂಡು ಗೂಡಿನಲ್ಲಿ ಕೂಡ್ರಿಸಿದರು. ತಲೆ ಮುಂದಕ್ಕೆ ವಾಲಿತು. ಶಂಕ್ರೆವ್ವ ಅದನ್ನು ಭುಜಕ್ಕೆ ಆನಿಸಿಕೊಂಡು ನಿಂತಳು, ಅಯ್ಯನವರ ಮಂತ್ರ ಮುಗಿಯುವವರೆಗೂ. ವಿಭೂತಿ, ಪತ್ರಿ, ಹಸಿಮಣ್ಣು ಬಿಟ್ಟರೆ ಅಲ್ಲಿ ಬೇರೆ ವಾಸನೆಯಿರಲಿಲ್ಲ. ಮೇಲೆ ಗುರಪ್ಪ ಟಾವೆಲ್ಲಿನಿಂದ ಮೂಗು ಮುಚ್ಚಿಕೊಂಡಿದ್ದ.

ಬಂದಗಿಸಾಬ ಎರಡೂ ಕೈ ಹೆಣೆದು ಮೆಟ್ಟಿಲು ಮಾಡಿಕೊಟ್ಟ. ಅದರ ಮೇಲೆ ಕಾಲಿಟ್ಟು ಶಂಕ್ರೆವ್ವ ಮೇಲಕ್ಕೆ ಕೈ ಚಾಚಿದಳು. ಎದುರಿಗೇ ಇದ್ದ ಗುರಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವನು ಸರಿಯುವುದರೊಳಗೆ ಅವಳು ಅವನ ಕಾಲನ್ನೇ ಧೋತರ ಸಮೇತ ಗಟ್ಟಿಯಾಗಿ ಹಿಡಿದು ಮೇಲೆ ಬಂದಳು. ಮಡಿ ಧೋತರದ ಮೇಲೆ ಐದೂ ಬೆರಳಿನ ಕರಿಮಣ್ಣು ಮೂಡಿತ್ತು.