ಗೈಡ್ ನೋಡದೆ ಆಡಿದ ಆಟ

ಬಸಲಿಂಗ ತೀರಿಕೊಂಡ ಮೇಲೂ ಶೈಲಶ್ರೀ ಆ ವಿಡಿಯೋ ಗೇಮನ್ನು ಬಿಟ್ಟಿರಲಿಲ್ಲ. ಹೂಡಿಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಸೇರಿ ಶುರು ಮಾಡಿದ ಆಟ ಅದು. ಸಮುದ್ರದ ನಡುವೆ ಪಾಳುಬಿದ್ದ ಒಂದು ದ್ವೀಪ. ಬಾಣದ ಗುರುತಿಲ್ಲ, ನಕಾಶೆಯಿಲ್ಲ, ಎಲ್ಲಿಗೆ ಹೋಗಬೇಕೆಂದು ಹೇಳುವವರಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದರೆ ದಾರಿ ಸಿಗುತ್ತದೆ, ಆದರೆ ನೋಡಕೂಡದು ಎಂಬುದು ಬಸಲಿಂಗನ ಕರಾರು.

"ಗೈಡ್ ನೋಡಿ ಆಡೂದಂದ್ರ ಇನ್ನೊಬ್ಬರು ಜಗಿದಿದ್ದು ತಿಂದಂಗ," ಎನ್ನುತ್ತಿದ್ದ.

ಇನ್ನೊಂದು ಕರಾರೂ ಇತ್ತು. ಇದ್ದದ್ದು ಒಂದೇ ಕಂಟ್ರೋಲರ್. ಆಡುವವರು ಆಟದೊಳಗೆ ಸತ್ತರೆ ಅದು ಇನ್ನೊಬ್ಬರ ಕೈಗೆ. ಬಸಲಿಂಗ ಬಂಡೆಯಿಂದ ಜಾರಿಯೋ ನೀರಿಗೆ ಬಿದ್ದೋ ಸಾಯುತ್ತಿದ್ದ. ಅವಳು ತೆಗೆದುಕೊಂಡು ಸ್ವಲ್ಪ ಮುಂದೆ ಹೋದರೆ, ಗೋಡೆಯೆಂದುಕೊಂಡದ್ದು ಬಾಗಿಲಾಗಿ ತೆರೆದುಕೊಳ್ಳುತ್ತಿತ್ತು. ಇಡೀ ಭಾನುವಾರ ಒಂದೇ ಗುಹೆಯಲ್ಲಿ ಸುತ್ತಿ, ಸಿಟ್ಟಿಗೆ ದಿಂಬು ಎಸೆದು, ಒಲೆಯ ಮೇಲೆ ಅನ್ನ ಸೀದುಹೋದ ಮೇಲೆ ಸಿಕ್ಕ ಬಾಗಿಲುಗಳು. ಅವಳು ಎದ್ದು ಕುಣಿದದ್ದುಂಟು. ನಿಮ್ಮ ಕೈ ಏನು ಕಟ್ಟಿಗೇದೇನ್ರಿ ಎಂದು ಗಂಡನನ್ನು ಆಡಿಕೊಂಡದ್ದುಂಟು. ಅವನು ಅವಳ ಮುಖ ನೋಡುತ್ತ ನಗುತ್ತಿದ್ದ.

ಈಗ ಉಳಿದದ್ದು ದ್ವೀಪದ ದೀಪಸ್ತಂಭದ ತುದಿಗೆ ಹೋಗುವ ದಾರಿ ಮಾತ್ರ. ಅದನ್ನು ಹುಡುಕಬೇಕು, ಇಬ್ಬರೂ ಸೇರಿ ಹಿಡಿದ ಒಂದು ಕೆಲಸವಾದರೂ ಪೂರ್ತಿಯಾಗಬೇಕು. ಅವಳಿಗೆ ಬೇರೆ ಆಸೆ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೈದುನ ಹನುಮೇಶ ಬಂದ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ರಜೆ ಸಿಕ್ಕಾಗ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಅವಳು ಆಟದೊಳಗೆ ಸ್ತಂಭವನ್ನೂ ಅದರ ಬುಡದ ಬಾವಿಯನ್ನೂ ಸುತ್ತುವುದನ್ನೇ ನೋಡುತ್ತ ಕೂತು, ಕಡೆಗೆ ತಡೆಯಲಾರದೆ ಹೇಳಿದ:

"ಅಲ್ಲೇನೂ ಇಲ್ರಿ ವೈನಿ. ಆ ಬಾವಿಯೊಳಗ ಜಿಗೀರಿ."

ನಿನಗೆ ಹೇಗೆ ಗೊತ್ತು ಎಂದು ಕೇಳಿದಳು.

"ಅಣ್ಣ ಆಡೂ ಮುಂದ ನೋಡೀನಲ್ರಿ. ನಿಮ್ಮ ಮದುವಿಗಿಂತ ಮೊದಲು, ನಮ್ಮ ರೂಮಿನ್ಯಾಗ. ಮೊಬೈಲ್‌ನ್ಯಾಗ ಗೈಡ್ ಹಚ್ಚಿಕೊಂಡು ಪೂರಾ ಮುಗಿಸಿದ್ದ. ನಿಮಗ ಹೇಳಿರಲಿಲ್ಲೇನು?"

ಬಸಲಿಂಗ ಜಾರಿದ್ದೆಲ್ಲ ಬಾಗಿಲಿನ ಹತ್ತಿರವೇ ಏಕೆ ಎಂಬುದು ಶೈಲಶ್ರೀಗೆ ಈಗ ತಿಳಿಯಿತು. ಬೇಕೆಂದೇ ಸತ್ತು ಆಟವನ್ನು ಅವಳ ಕೈಗೆ ಕೊಟ್ಟಿದ್ದ. ಅವಳು ತಾನಾಗಿ ಕಂಡುಹಿಡಿದದ್ದು ಒಂದೂ ಇರಲಿಲ್ಲ. ಪ್ರೀತಿಯಿಂದಲೇ ಮಾಡಿರಬಹುದು. ಆದರೂ ಇಬ್ಬರೂ ಕೂಡಿ ದಾರಿ ತಪ್ಪಿದ್ದೇವೆಂದು ಅವಳು ನಂಬಿದ್ದ ಆ ಭಾನುವಾರಗಳಲ್ಲೆಲ್ಲ ದಾರಿ ತಪ್ಪಿದ್ದವಳು ಅವಳೊಬ್ಬಳೇ. ಜಗಳ ಕಾಯೋಣವೆಂದರೆ ಮನುಷ್ಯ ಇಲ್ಲ.

ಬಾವಿಗೆ ಜಿಗಿದಳು. ನೀರಿನ ತಳದಲ್ಲಿ ಮೆಟ್ಟಿಲುಗಳಿದ್ದವು. ಹತ್ತುತ್ತ ಹೋದಂತೆ ಬೆಳಕು ಹೆಚ್ಚಿ, ದೀಪಸ್ತಂಭದ ತುದಿ ಬಂತು. ಕೆಳಗೆ ಇಡೀ ದ್ವೀಪ ಹರಡಿಕೊಂಡಿತ್ತು: ಅವರು ಸುತ್ತಿದ ಗುಹೆಗಳು, ಮುರಿದ ಸೇತುವೆ, ಅಂಚಿನವರೆಗೂ ಸಮುದ್ರ. ಚೆನ್ನಾಗಿತ್ತು. ಯಾರೋ ಹೋಗಿಬಂದ ಊರಿನ ಫೋಟೋ ನೋಡಿದಂತೆ ಚೆನ್ನಾಗಿತ್ತು.

ಪಕ್ಕಕ್ಕೆ ತಿರುಗಿದಳು. ಹನುಮೇಶ ಟಿವಿಯನ್ನು ನೋಡುತ್ತಿರಲಿಲ್ಲ. ಅವಳಿಗೆ ಖುಷಿಯಾಗಲೆಂದು ಕಾಯುತ್ತ, ಅಣ್ಣನ ಹಾಗೆಯೇ ಸಣ್ಣಗೆ ನಗುತ್ತ ಅವಳನ್ನೇ ನೋಡುತ್ತಿದ್ದ.

"ನನ್ನ ಮುಖ ನೋಡಬ್ಯಾಡ," ಎಂದಳು ಶೈಲಶ್ರೀ. "ಟಿವಿ ನೋಡು."